ಗುಳೆ, ಆಸರೆ, ಶಿಬಿರ: 1947-48ರ ಗಡಿ ಶಿಬಿರಗಳು ಮತ್ತು ಕೊಪ್ಪಳ ಸೀಮೆಯ ನಿರಾಶ್ರಿತರು

ಪ್ರವೇಶ

ಹೈದರಾಬಾದ್ ಕರ್ನಾಟಕದ ವಿಮೋಚನಾ ಹೋರಾಟದ ಚರಿತ್ರೆಯಲ್ಲಿ 'ಶಿಬಿರ' ಎಂಬ ಮಾತಿಗೆ ವಿಶಿಷ್ಟವಾದ ಸ್ಥಾನವಿದೆ. ಮುಂಡರಗಿ ಶಿಬಿರ, ಗಜೇಂದ್ರಗಡ ಶಿಬಿರ ಎಂಬ ಹೆಸರುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಸಾಮೂಹಿಕ ಸ್ಮೃತಿಯಲ್ಲಿ ಇಂದಿಗೂ ಉಳಿದಿವೆ. ಪ್ರತಿವರ್ಷ ಸೆಪ್ಟೆಂಬರ್ 17ರಂದು ನಡೆಯುವ ಸಮಾರಂಭಗಳಲ್ಲಿ ಈ ಶಿಬಿರಗಳ ಸ್ಮರಣೆ ನಡೆಯುತ್ತದೆ. ಆದರೆ ಈ ಸ್ಮರಣೆಯ ಕೇಂದ್ರದಲ್ಲಿ ನಿಲ್ಲುವುದು ಹೋರಾಟಗಾರ. ನಾಕಾಗಳ ಮೇಲಿನ ದಾಳಿ, ಪೊಲೀಸ್ ಠಾಣೆಗಳ ಮುತ್ತಿಗೆ, ಶಸ್ತ್ರ ಸಂಗ್ರಹ ಮುಂತಾದ ಸಾಹಸದ ಕಥನಗಳು. ಅದೇ ಹೊತ್ತಿನಲ್ಲಿ ಮನೆಮಾರು ಬಿಟ್ಟು, ಮಕ್ಕಳನ್ನೂ ದನಕರುಗಳನ್ನೂ ಕಟ್ಟಿಕೊಂಡು ಗಡಿ ದಾಟಿದ ಸಾಮಾನ್ಯ ಜನರು ಮತ್ತು ಅವರಿಗೆ ಅನ್ನ, ನೀರು, ನೆರಳು ನೀಡಿದ ಆಚೆಯ ಊರುಗಳ ಜನರು ಈ ಕಥನದ ಅಂಚಿನಲ್ಲಿಯೇ ಉಳಿದಿದ್ದಾರೆ.

ಹೋರಾಟದ ನೆಲೆಯೆಂಬಂತೆ ಆಶ್ರಯದ ನೆಲೆಯೆಂಬ ದೃಷ್ಟಿಯಿಂದಲೂ ಗಡಿ ಶಿಬಿರವನ್ನು ನೋಡಿದರೆ ಈ ಭಾಗದ ಚರಿತ್ರೆ ಹೇಗೆ ಬೇರೆಯಾಗಿ ಕಾಣುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಈ ಪರಿಶೀಲನೆಗೆ ಗುಳೆ, ಹಾವಳಿ, ನಿರಾಶ್ರಿತ, ಆಸರೆ, ಕ್ಯಾಂಪ್ ಎಂಬ ಮಾತುಗಳನ್ನು ಪ್ರವೇಶದ್ವಾರಗಳನ್ನಾಗಿ ಇಟ್ಟುಕೊಳ್ಳಲಾಗಿದೆ. ಒಂದು ಸಮುದಾಯ ತನ್ನ ಸಂಕಟವನ್ನು ಯಾವ ಮಾತಿನಿಂದ ಕರೆಯುತ್ತದೆ ಎಂಬುದು ಆ ಸಂಕಟದಲ್ಲಿ ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದನ್ನೂ ತೋರಿಸಿಕೊಡುತ್ತದೆ.

ನಾಲ್ಕು ತಾಲೂಕುಗಳ ಗಡಿಯ ಸ್ವರೂಪ

ಇಂದು ಕೊಪ್ಪಳ ಜಿಲ್ಲೆಯೆಂದು ಕರೆಯಲ್ಪಡುವ ಪ್ರದೇಶ 1997ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಜಿಲ್ಲೆ ರೂಪುಗೊಂಡಾಗ ಅದರಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು. ಕನಕಗಿರಿ, ಕಾರಟಗಿ, ಕುಕನೂರು ತಾಲೂಕುಗಳು ಇವುಗಳಿಂದಲೇ ಆನಂತರ ರಚನೆಯಾದವು. ನಿಜಾಮನ ಆಡಳಿತಕಾಲದಲ್ಲಿ ಈ ನಾಲ್ಕೂ ತಾಲೂಕುಗಳ ಸ್ಥಿತಿ ಏಕರೂಪವಾಗಿರಲಿಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದರೆ, ಗಂಗಾವತಿ ಮತ್ತು ಕುಷ್ಟಗಿ ನೇರವಾಗಿ ಸರ್ಕಾರದ ಆಡಳಿತದಲ್ಲಿದ್ದವು. ಆದರೆ ಭೂಗೋಳದ ದೃಷ್ಟಿಯಿಂದ ನಾಲ್ಕಕ್ಕೂ ಸಮಾನವಾದ ಒಂದು ಲಕ್ಷಣವಿತ್ತು. ಅವು ಹೈದರಾಬಾದ್ ಸಂಸ್ಥಾನದ ನೈಋತ್ಯದ ಅಂಚಿನಲ್ಲಿದ್ದವು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ದಕ್ಷಿಣಕ್ಕೆ ತುಂಗಭದ್ರೆಯ ಆಚೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಹೀಗೆ ಕನ್ನಡ ಮಾತನಾಡುವ ಒಂದೇ ಸೀಮೆಯ ಮೂರು ತುಂಡುಗಳು ಮೂರು ಆಡಳಿತಗಳಿಗೆ ಸೇರಿದ್ದವು.

ಈ ಗಡಿ ನಿತ್ಯಜೀವನದಲ್ಲಿ ಅನುಭವಕ್ಕೆ ಬರುತ್ತಿದ್ದುದು ಮುಖ್ಯವಾಗಿ ಮೂರು ಬಗೆಯಲ್ಲಿ. ಮೊದಲನೆಯದು ಸುಂಕ. ಸಂಸ್ಥಾನದ ಸುಂಕ ಇಲಾಖೆಗೆ 'ಕರೋಡಗಿರಿ' ಎಂದು ಹೆಸರು. ಗಡಿಯ ದಾರಿಗಳಲ್ಲಿ ಅದರ ನಾಕಾಗಳಿದ್ದವು. ಎರಡನೆಯದು ನಾಣ್ಯ. ಸಂಸ್ಥಾನದಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ, ಆಚೆ ಕಲ್ದಾರ್ ರೂಪಾಯಿ. ಏಳು ಹಾಲಿ ರೂಪಾಯಿಗೆ ಹೆಚ್ಚುಕಡಿಮೆ ಆರು ಕಲ್ದಾರ್ ರೂಪಾಯಿ ಎಂಬುದು ಅಂದಿನ ವಿನಿಮಯದ ಲೆಕ್ಕ. ಮೂರನೆಯದು ಆಡಳಿತ ಭಾಷೆ. ಈಚೆ ಕಚೇರಿಯ ಭಾಷೆ ಉರ್ದು, ಕಾಲಗಣನೆ ಫಸಲಿ. ಆಚೆ ಧಾರವಾಡ ಜಿಲ್ಲೆಯಲ್ಲಿ ಕನ್ನಡ ಶಾಲೆಗಳೂ ಕನ್ನಡ ಪತ್ರಿಕೆಗಳೂ ಬೆಳೆದಿದ್ದವು. ಇಷ್ಟಾದರೂ ಮದುವೆ, ಜಾತ್ರೆ, ಸಂತೆ, ಮಠಗಳ ಭಕ್ತಸಂಬಂಧ ಇವು ಗಡಿಯನ್ನು ಲೆಕ್ಕಿಸದೆ ಹರಡಿದ್ದವು. ಯಲಬುರ್ಗಾದ ರೈತನಿಗೆ ಗಜೇಂದ್ರಗಡವೂ ಅಳವಂಡಿಯ ರೈತನಿಗೆ ಮುಂಡರಗಿಯೂ ಪರದೇಶವಾಗಿರಲಿಲ್ಲ. ಅವು ಬೀಗರ ಊರುಗಳಾಗಿದ್ದವು.

1947ರ ಆಗಸ್ಟ್ 15ರ ಬಳಿಕ ಈ ಗಡಿಯ ಅರ್ಥ ಬದಲಾಯಿತು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಅವಧಿಯ ಯಥಾಸ್ಥಿತಿ ಒಪ್ಪಂದವಾಯಿತಾದರೂ ಬಿಕ್ಕಟ್ಟು ಬಗೆಹರಿಯಲಿಲ್ಲ. ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ನಾಯಕ ಖಾಸಿಂ ರಜ್ವಿಯ ನೇತೃತ್ವದ ರಜಾಕಾರರ ಹಿಂಸೆ 1948ರಲ್ಲಿ ತೀವ್ರಗೊಂಡಿತು. ಕನ್ನಡ ಜಿಲ್ಲೆಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದ ಹತ್ಯಾಕಾಂಡ ಇದರ ಘೋರ ನಿದರ್ಶನವಾಗಿದೆ. ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಸೆರೆಮನೆಯಲ್ಲಿದ್ದುದರಿಂದ ಚಳವಳಿಯ ಕಾರ್ಯಕೇಂದ್ರಗಳು ಸಂಸ್ಥಾನದ ಹೊರಗೆ, ಗಡಿಯುದ್ದಕ್ಕೂ ಸ್ಥಾಪನೆಗೊಂಡವು. ಗಡಿ ಶಿಬಿರಗಳು ಹುಟ್ಟಿಕೊಂಡುದು ಈ ಹಿನ್ನೆಲೆಯಲ್ಲಿ. ಕನ್ನಡ ಭಾಗದ ಕಾರ್ಯಚಟುವಟಿಕೆಗಳಿಗೆ ಗದಗ ಕೇಂದ್ರವಾಯಿತು. ಮುಂಡರಗಿ ಶಿಬಿರದ ನೇತೃತ್ವವನ್ನು ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡ ಶಿಬಿರದ ನೇತೃತ್ವವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರೂ ವಹಿಸಿದರು.

ಗುಳೆ ಮತ್ತು ನಿರಾಶ್ರಿತ: ಎರಡು ಪದಗಳ ನಡುವಿನ ಅಂತರ

ಊರು ಬಿಟ್ಟು ಹೋಗುವುದಕ್ಕೆ ಈ ಸೀಮೆಯ ಕನ್ನಡದಲ್ಲಿರುವ ಮುಖ್ಯವಾದ ಮಾತು 'ಗುಳೆ'. ಇಂದು ಈ ಪದ ಮಳೆಯಿಲ್ಲದ ವರ್ಷಗಳಲ್ಲಿ ಕೂಲಿಗಾಗಿ ಬೆಂಗಳೂರು, ಗೋವಾ ಮುಂತಾದ ಕಡೆಗೆ ಹೋಗುವುದಕ್ಕೆ ಸೀಮಿತವಾದಂತೆ ಕಾಣುತ್ತದೆ. ಆದರೆ ಇದರ ಹಳೆಯ ಅರ್ಥವ್ಯಾಪ್ತಿ ದೊಡ್ಡದು. ಬರಕ್ಕಾಗಲಿ, ದಂಡಿನ ಭಯಕ್ಕಾಗಲಿ, ಆಳುವವರ ಕಿರುಕುಳಕ್ಕಾಗಲಿ ಊರಿಗೆ ಊರೇ ಎದ್ದು ಹೋಗುವುದು ಗುಳೆ. ಹಸಿವು ಮತ್ತು ಭಯ ಎಂಬ ಎರಡು ಕಾರಣಗಳನ್ನು ಈ ಪದ ಬೇರೆ ಮಾಡುವುದಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಗುಳೆ ಹೋದವನು ಮರಳಿ ಬರುತ್ತಾನೆ ಎಂಬ ನಿರೀಕ್ಷೆಯೂ ಅದರಲ್ಲಿ ಅಡಗಿದೆ. ಮನೆಗೆ ಕದ ಹಾಕಿ ಹೋಗುವುದು ಗುಳೆಯೇ ಹೊರತು ಮನೆಯ ಹಂಗು ಹರಿದುಕೊಂಡು ಹೋಗುವುದಲ್ಲ.

'ನಿರಾಶ್ರಿತ' ಎಂಬುದು ಇದಕ್ಕಿಂತ ಭಿನ್ನವಾದ ಪದ. ದೇಶವಿಭಜನೆಯ ಕಾಲದ ಕನ್ನಡ ಬರವಣಿಗೆಯಲ್ಲಿ ಇದರ ಬಳಕೆ ವ್ಯಾಪಕವಾಯಿತು. ಇದು ವ್ಯಕ್ತಿಯನ್ನು ಅವನಲ್ಲಿ ಇಲ್ಲದ್ದರ ಮೂಲಕ ಗುರುತಿಸುತ್ತದೆ: ಆಶ್ರಯವಿಲ್ಲದವನು. ಸರ್ಕಾರ, ಕಾನೂನು, ಅರ್ಜಿ, ಪಟ್ಟಿ ಇವುಗಳ ಲೋಕಕ್ಕೆ ಸೇರಿದ ಪದವಿದು. ಗುಳೆ ಎಂಬುದು ಜನರು ಮಾಡುವ ಕ್ರಿಯೆ. ನಿರಾಶ್ರಿತ ಎಂಬುದು ಜನರಿಗೆ ದೊರೆಯುವ ಹೆಸರು.

ಈ ಅಂತರ ಕೇವಲ ಭಾಷಿಕವಾದುದಲ್ಲ. 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಪ್ಪಂದದ ಪ್ರಕಾರ ನಿರಾಶ್ರಿತನೆಂದರೆ ಕಿರುಕುಳದ ಭಯದಿಂದ ತನ್ನ ರಾಷ್ಟ್ರದ ಹೊರಗಿರುವವನು. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ದೇಶದೊಳಗೇ ನೆಲೆ ತಪ್ಪಿದವರ ವಿಷಯದಲ್ಲಿ ವಿಶ್ವಸಂಸ್ಥೆ ಮಾರ್ಗದರ್ಶಿ ಸೂತ್ರಗಳನ್ನು ರೂಪಿಸಿದುದು 1998ರಲ್ಲಿ. ಅವುಗಳ ಪ್ರಕಾರ ಅಂತಾರಾಷ್ಟ್ರೀಯ ಮಾನ್ಯತೆಯುಳ್ಳ ಗಡಿಯನ್ನು ದಾಟದೆ ಸ್ಥಳಾಂತರಗೊಂಡವರು ಆಂತರಿಕ ನಿರ್ವಸಿತರು. ಹಾಗಾದರೆ 1948ರ ಬೇಸಗೆಯಲ್ಲಿ ಕುಷ್ಟಗಿ ತಾಲೂಕಿನಿಂದ ಗಜೇಂದ್ರಗಡಕ್ಕೆ ಹೋದ ಕುಟುಂಬ ಯಾವ ವರ್ಗಕ್ಕೆ ಸೇರುತ್ತದೆ? ನಿಜಾಮ ಸರ್ಕಾರದ ದೃಷ್ಟಿಯಲ್ಲಿ ಅವರು ಬೇರೊಂದು ದೇಶಕ್ಕೆ ಹೋದವರು. ಆ ಸರ್ಕಾರ 1948ರ ಆಗಸ್ಟ್‌ನಲ್ಲಿ ತನ್ನ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೇ ಒಯ್ದಿತ್ತು. ಭಾರತ ಸರ್ಕಾರದ ದೃಷ್ಟಿಯಲ್ಲಿ ಅವರು ಒಂದು ಪ್ರಾಂತದಿಂದ ಮತ್ತೊಂದಕ್ಕೆ ಬಂದ ತನ್ನವರೇ. ಆ ಕುಟುಂಬದ ದೃಷ್ಟಿಯಲ್ಲಾದರೋ ಅವರು ಬೀಗರ ಊರಿಗೆ ಹೋದವರು. ಈ ಮೂರು ದೃಷ್ಟಿಗಳಲ್ಲಿ ಮೂರನೆಯದೇ ಅವರಿಗೆ ಆ ಹೊತ್ತಿನ ಅನ್ನವನ್ನು ಒದಗಿಸಿತೆಂಬುದು ಚಿಂತನಾರ್ಹ ಸಂಗತಿಯಾಗಿದೆ.

ಈ ಕಾಲವನ್ನು ಜನರು ನೆನೆಯುವುದು 'ರಜಾಕಾರರ ಹಾವಳಿ' ಎಂಬ ಮಾತಿನಿಂದ. ಹುಟ್ಟು, ಮದುವೆ, ಸಾವುಗಳ ಕಾಲವನ್ನು ಹೇಳುವಾಗ 'ಹಾವಳಿಯ ಹಿಂದಿನ ವರ್ಷ', 'ಹಾವಳಿಯ ಮರುವರ್ಷ' ಎಂದು ಹಿರಿಯರು ಲೆಕ್ಕ ಹಾಕುವುದುಂಟು. ನೆರೆ, ಮಿಡತೆ, ಪ್ಲೇಗುಗಳಿಗೂ ಬಳಕೆಯಾಗುವ ಈ ಪದ ಹಿಂಸೆಯನ್ನು ಎರಗಿ ಬಂದು ಹಾದು ಹೋದ ಪಿಡುಗಾಗಿ ಕಾಣುತ್ತದೆ. ಅಕ್ಕಪಕ್ಕದಲ್ಲಿ ಬಾಳುವವರ ನಡುವೆ ಮುಂದೆಯೂ ಬಾಳಬೇಕಾದ ಅಗತ್ಯ ಈ ಪದದ ಆಯ್ಕೆಯ ಹಿಂದೆ ಕೆಲಸ ಮಾಡಿರಬಹುದು.

ಆಸರೆಯ ನೆಲೆಗಳು

ಗಡಿ ದಾಟಿದವರಿಗೆ ದೊರೆತ ನೆರವನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ನೆಂಟಸ್ತಿಕೆಯ ನೆಲೆ. ಗಡಿಯ ಆಚೆಗೆ ಮಗಳನ್ನು ಕೊಟ್ಟವರು, ಸೊಸೆಯನ್ನು ತಂದವರು, ತವರುಮನೆ ಇದ್ದವರು ಮೊದಲು ಹೋದುದು ಅಲ್ಲಿಗೇ. ಹೆಂಗಸರು, ಮಕ್ಕಳು ಮತ್ತು ಬೆಲೆಬಾಳುವ ವಸ್ತುಗಳನ್ನು ಮುಂಚಿತವಾಗಿ ಬೀಗರ ಮನೆಗೆ ಸಾಗಿಸಿ, ಗಂಡಸರು ಹೊಲಮನೆ ಕಾಯುತ್ತ ಉಳಿಯುವುದು ಇಂಥ ಗುಳೆಯ ಸಹಜ ಕ್ರಮ. ಇಂಥ ನೆರವು ಯಾವ ದಫ್ತರದಲ್ಲೂ ದಾಖಲಾಗುವುದಿಲ್ಲ, ಏಕೆಂದರೆ ಕೊಟ್ಟವರು ಅದನ್ನು ನೆರವೆಂದು ಕರೆಯುವುದಿಲ್ಲ. ಆದರೆ ತಿಂಗಳುಗಟ್ಟಲೆ ಹೆಚ್ಚಿನ ಹತ್ತು ಬಾಯಿಗಳಿಗೆ ರೊಟ್ಟಿ ತಟ್ಟುವುದು ಒಣಬೇಸಾಯದ ಮನೆಯೊಂದಕ್ಕೆ ಸಣ್ಣ ಹೊರೆಯಲ್ಲ. ಈ ಹೊರೆಯ ಬಹುಭಾಗ ಹೆಂಗಸರ ಮೇಲೆ ಬಿದ್ದಿತೆಂಬುದನ್ನೂ ಮರೆಯಲಾಗದು. ಬೀಸುವ ಕಲ್ಲು, ಒಲೆ, ಬಾವಿ ಇವುಗಳೇ ಆ ಕಾಲದ ನಿಜವಾದ ಪರಿಹಾರ ಕೇಂದ್ರಗಳಾಗಿದ್ದವು.

ಎರಡನೆಯದು ದಾಸೋಹದ ನೆಲೆ. ಕೊಪ್ಪಳದ ಗವಿಮಠ, ಮುಂಡರಗಿಯ ಅನ್ನದಾನೀಶ್ವರ ಮಠ ಮೊದಲಾದವು ಈ ಸೀಮೆಯ ಹಳ್ಳಿಗಳನ್ನು ರಾಜಕೀಯ ಗಡಿಗಳಾಚೆ ಬೆಸೆದ ಸಂಸ್ಥೆಗಳು. 'ಅನ್ನದಾನ' ಎಂಬ ಮೌಲ್ಯ ಮಠವೊಂದರ ಹೆಸರಿನಲ್ಲೇ ಸೇರಿಕೊಂಡಿರುವುದು ಆಕಸ್ಮಿಕವಲ್ಲ. ದಾಸೋಹದ ಪರಿಕಲ್ಪನೆಯಲ್ಲಿ ನೀಡುವವನು ದೊಡ್ಡವನಲ್ಲ, ಪಡೆಯುವವನು ಸಣ್ಣವನಲ್ಲ. ಬಂದವನ ಕುಲ, ಊರು, ಕಾರಣಗಳನ್ನು ಕೇಳದೆ ಪಂಕ್ತಿಯಲ್ಲಿ ಕೂರಿಸಬೇಕೆಂಬುದು ಅದರ ಆದರ್ಶ. ಮಾನವೀಯ ನೆರವಿನಲ್ಲಿ ಭೇದವೆಣಿಸಬಾರದೆಂದು ಆಧುನಿಕ ಸಂಸ್ಥೆಗಳು ಹೇಳುವ ತತ್ವಕ್ಕೆ ಈ ನೆಲದಲ್ಲಿ ಮೊದಲೇ ಒಂದು ಭಾಷೆ ಇತ್ತೆಂಬುದಕ್ಕೆ ದಾಸೋಹವೇ ಸಾಕ್ಷಿ. ಆದರ್ಶ ಮತ್ತು ಆಚರಣೆಗಳ ನಡುವೆ ಜಾತಿಯ ಗೆರೆಗಳು ಇದ್ದವೆಂಬುದೂ ಅಷ್ಟೇ ನಿಜ.

ಮೂರನೆಯದು ಸಂಘಟಿತ ಶಿಬಿರದ ನೆಲೆ. ಗಡಿಪಟ್ಟಣಗಳ ವರ್ತಕರು, ರೈತರು, ಕಾಂಗ್ರೆಸ್ ಕಾರ್ಯಕರ್ತರು ನೀಡಿದ ದವಸಧಾನ್ಯ ಮತ್ತು ಹಣದಿಂದ ಶಿಬಿರಗಳು ನಡೆದವು. ಇಲ್ಲಿ ನಾಣ್ಯದ ಪ್ರಶ್ನೆ ಮುಖ್ಯವಾಗುತ್ತದೆ. ಹಾಲಿ ಸಿಕ್ಕಾ ಹಿಡಿದು ಬಂದವನ ಹಣಕ್ಕೆ ಆಚೆಯ ಸಂತೆಯಲ್ಲಿ ಮೊದಲೇ ಬೆಲೆ ಕಡಿಮೆ; ತುರ್ತಿನಲ್ಲಿ ಮಾರುವವನಿಗೆ ವಿನಿಮಯದ ಲೆಕ್ಕ ಇನ್ನೂ ಪ್ರತಿಕೂಲ. ದನ, ಬೆಳ್ಳಿ, ಬಂಗಾರ ಮಾರಿ ಕಾಲ ಹಾಕುವವರಿಗೆ ಅನ್ನಕ್ಕಿಂತಲೂ ನ್ಯಾಯವಾದ ಬೆಲೆ ದೊಡ್ಡ ನೆರವಾಗಬಲ್ಲದು.

ಈ ಮೂರು ನೆಲೆಗಳನ್ನು ಒಟ್ಟಾಗಿ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಆಚೆ ನೆಂಟರಿದ್ದವರಿಗೆ ಮೊದಲ ಆಸರೆ, ಮಠದ ಒಕ್ಕಲಾಗಿದ್ದವರಿಗೆ ಎರಡನೆಯ ಆಸರೆ, ಚಳವಳಿಯ ಪರಿಚಯವಿದ್ದವರಿಗೆ ಮೂರನೆಯ ಆಸರೆ. ಭೂಮಿಯಿಲ್ಲದ, ಒಡೆಯನ ಮನೆಯ ಜೀತಕ್ಕೆ ಕಟ್ಟುಬಿದ್ದ ದಲಿತ ಕುಟುಂಬಗಳಿಗೆ ಗುಳೆ ಹೋಗುವುದೂ ಒಂದು ಅನುಕೂಲವೇ ಆಗಿತ್ತು. ಸಂಬಂಧವನ್ನು ಆಧರಿಸಿದ ನೆರವು ಬೇಗ ತಲುಪುತ್ತದೆ, ಆತ್ಮೀಯವಾಗಿ ತಲುಪುತ್ತದೆ. ಆದರೆ ಸಂಬಂಧವಿಲ್ಲದವರಿಗೆ ತಲುಪುವುದಿಲ್ಲ. ಇದು ಅದರ ಬಲ, ಇದೇ ಅದರ ಮಿತಿ.

ನೆಲದ ಸ್ವರೂಪವೂ ಆಸರೆಯನ್ನು ನಿರ್ಧರಿಸಿತು. ಕುಷ್ಟಗಿ, ಯಲಬುರ್ಗಾಗಳಿಂದ ಗಜೇಂದ್ರಗಡಕ್ಕೂ ಅಳವಂಡಿಯ ಕಡೆಯಿಂದ ಮುಂಡರಗಿಗೂ ನೆಲದ ದಾರಿ ಇತ್ತು. ಬಂಡಿ ಹೂಡಿಕೊಂಡು ರಾತ್ರಿ ಹೊರಟರೆ ಬೆಳಗಿನ ಹೊತ್ತಿಗೆ ಗಡಿ ದಾಟಬಹುದಾದ ಹಳ್ಳಿಗಳು ಅಲ್ಲಿದ್ದವು. ಗಂಗಾವತಿ ಸೀಮೆಯ ಸ್ಥಿತಿ ಬೇರೆ. ಕಂಪ್ಲಿಗೋ ಹೊಸಪೇಟೆಗೋ ಹೋಗಬೇಕಾದರೆ ತುಂಗಭದ್ರೆಯನ್ನು ದಾಟಬೇಕು. ಬೇಸಗೆಯಲ್ಲಿ ಹೊಳೆ ತಗ್ಗಿರುತ್ತದೆ; ಮುಂಗಾರು ಹಿಡಿದು ಹೊಳೆ ತುಂಬಿದ ಮೇಲೆ ಹರಿಗೋಲೇ ಗತಿ. ಹರಿಗೋಲಿನಲ್ಲಿ ಜನ ದಾಟಬಹುದು, ಬಂಡಿಯನ್ನೂ ದನಗಳನ್ನೂ ದಾಟಿಸುವುದು ಕಷ್ಟ. ಹೀಗಾಗಿ ಒಂದೇ ಜಿಲ್ಲೆಯ ಎರಡು ಭಾಗಗಳಲ್ಲಿ ಗುಳೆಯ ಅನುಭವ ಒಂದೇ ಬಗೆಯದಾಗಿರಲು ಸಾಧ್ಯವಿರಲಿಲ್ಲ.

ಶಿಬಿರದ ಇಬ್ಬಗೆ

ಗಡಿ ಶಿಬಿರ ಏಕಕಾಲದಲ್ಲಿ ಆಶ್ರಯತಾಣವೂ ಆಕ್ರಮಣದ ನೆಲೆಯೂ ಆಗಿತ್ತು. ಈ ಇಬ್ಬಗೆಯನ್ನು ಮುಚ್ಚಿಡದೆ ನೋಡುವುದು ಅಗತ್ಯ. ಶಿಬಿರದಿಂದ ಹೊರಟ ಯುವಕರು ಕರೋಡಗಿರಿ ನಾಕಾಗಳ ಮೇಲೆ, ಠಾಣೆಗಳ ಮೇಲೆ ದಾಳಿ ನಡೆಸಿ ಮರಳುತ್ತಿದ್ದರು. ಇದರ ಪ್ರತೀಕಾರ ಬೀಳುತ್ತಿದ್ದುದು ಗಡಿಯ ಈಚೆ ಉಳಿದ ಹಳ್ಳಿಗಳ ಮೇಲೆ. ಪ್ರತೀಕಾರದಿಂದ ಹೊಸದಾಗಿ ಜನ ಊರು ಬಿಡುತ್ತಿದ್ದರು. ಗಡಿಯಾಚೆಯ ದಾಳಿಗಳ ಬಗ್ಗೆ ನಿಜಾಮ ಸರ್ಕಾರ ಭಾರತ ಸರ್ಕಾರಕ್ಕೆ ದೂರು ಸಲ್ಲಿಸುತ್ತಿತ್ತು; ಭಾರತ ಸರ್ಕಾರ ರಜಾಕಾರರ ದೌರ್ಜನ್ಯಗಳನ್ನು 1948ರ ತನ್ನ ಶ್ವೇತಪತ್ರದಲ್ಲಿ ಪಟ್ಟಿಮಾಡಿತು. ಇದರಿಂದ ಹೋರಾಟದ ನೈತಿಕತೆ ಕುಂದುತ್ತದೆಂದಲ್ಲ. ಶಸ್ತ್ರಧಾರಿಯೂ ನಿರಾಶ್ರಿತನೂ ಒಂದೇ ಸೂರಿನಡಿ ಇದ್ದಾಗ ನೆರವಿನ ಸ್ವರೂಪ ಜಟಿಲಗೊಳ್ಳುತ್ತದೆ ಎಂಬುದಷ್ಟೇ ಇಲ್ಲಿನ ಮಾತು. ಜಗತ್ತಿನ ಬೇರೆಡೆಯ ಗಡಿಶಿಬಿರಗಳಲ್ಲೂ ಇಂದಿಗೂ ಇದೇ ಪ್ರಶ್ನೆ ಎದುರಾಗುತ್ತಿದೆ.

ಆನಂತರದ ಕಾಲದಲ್ಲಿ ಶಿಬಿರದ ಒಂದು ಮುಖ ಮಾತ್ರ ದಾಖಲೆಯಲ್ಲಿ ಉಳಿಯಲು ಸರ್ಕಾರದ ಮಾನ್ಯತಾ ಕ್ರಮವೂ ಕಾರಣವಾಯಿತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಸಂದರ್ಭದಲ್ಲಿ, 1972ರಲ್ಲಿ ಆರಂಭವಾದ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆ ಮುಂದೆ ವಿಸ್ತಾರಗೊಂಡು ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳಲ್ಲಿದ್ದವರನ್ನೂ ಒಳಗೊಂಡಿತು. ಇದು ನ್ಯಾಯವಾದ ಕ್ರಮ. ಆದರೆ ಅರ್ಜಿದಾರ ತಾನು ಶಿಬಿರದಲ್ಲಿ ಹೋರಾಟಗಾರನಾಗಿ ಇದ್ದೆನೆಂದು ಸಾಬೀತುಪಡಿಸಬೇಕಾಗಿತ್ತು. ಹೀಗಾಗಿ ಶಿಬಿರದ ನೆನಪುಗಳು ಪ್ರಮಾಣಪತ್ರದ ಭಾಷೆಯಲ್ಲಿ ರೂಪುಗೊಂಡವು. ದಾಳಿಯಲ್ಲಿ ಭಾಗವಹಿಸಿದ್ದು ಸಾಕ್ಷ್ಯವಾಯಿತು. ಅಡುಗೆ ಮಾಡಿದ್ದು, ಗಾಯಾಳುವನ್ನು ನೋಡಿಕೊಂಡದ್ದು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೊಳೆ ದಾಟಿದ್ದು ಸಾಕ್ಷ್ಯವಾಗಲಿಲ್ಲ. ನೆನಪು ಮಾಸಿಹೋದುದರಿಂದಲ್ಲ, ಅದನ್ನು ಕೇಳುವ ನಮೂನೆಯಲ್ಲಿ ಅದಕ್ಕೆ ಅಂಕಣವಿರದಿದ್ದುದರಿಂದ ಅದು ದಾಖಲಾಗಲಿಲ್ಲ.

ಮರಳುವಿಕೆ ಮತ್ತು ಎರಡನೆಯ ಗುಳೆ

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಕದನವಿರಾಮ ಘೋಷಿಸಿದ. 18ರಂದು ಸಂಸ್ಥಾನದ ಸೇನೆ ವಿಧಿವತ್ತಾಗಿ ಶರಣಾಯಿತು. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಇದು ಉತ್ತರಿ ಮಳೆಯ ಆರಂಭ. ಈ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತನೆ ನಡೆಯುವುದು ಉತ್ತರಿ, ಹಸ್ತ ಮಳೆಗಳಲ್ಲಿ. ಮುಂಗಾರಿ ಬೆಳೆ ಕಳೆದುಕೊಂಡ ರೈತನಿಗೆ ಹಸ್ತ ಮಳೆಯೊಳಗೆ ಹೊಲ ಸೇರುವುದು ಮುಂದಿನ ವರ್ಷದ ಅನ್ನದ ಪ್ರಶ್ನೆ. ಚರಿತ್ರೆಯ ಪುಸ್ತಕದಲ್ಲಿ ಸೆಪ್ಟೆಂಬರ್ 17 ವಿಮೋಚನೆಯ ದಿನಾಂಕ. ರೈತನ ಪಂಚಾಂಗದಲ್ಲಿ ಅದು ಬಿತ್ತನೆಗೆ ಮುಂಚೆ ಮನೆಗೆ ಮರಳಲು ದೊರೆತ ಅವಕಾಶವೂ ಹೌದು. ಮರಳಿದವನಿಗೆ ಎತ್ತು, ಬೀಜ, ಕೂರಿಗೆ ಉಳಿದಿದ್ದರೆ ಮಾತ್ರ ಆ ಅವಕಾಶ ಫಲಿಸುತ್ತದೆ. ನಿರಾಶ್ರಿತರ ಸಮಸ್ಯೆ ಮನೆಗೆ ಮರಳಿದ ದಿನವೇ ಮುಗಿಯುವುದಿಲ್ಲ.

ಆದರೆ ಅದೇ ವಾರಗಳಲ್ಲಿ ಸಂಸ್ಥಾನದ ಹಲವು ಭಾಗಗಳಲ್ಲಿ ಇನ್ನೊಂದು ಗುಳೆ ಆರಂಭವಾಯಿತು. ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ವ್ಯಾಪಕ ಹಿಂಸೆ ನಡೆಯಿತು. ಇದರ ವಿಚಾರಣೆಗಾಗಿ ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ 1948ರ ಕೊನೆಯ ತಿಂಗಳುಗಳಲ್ಲಿ ಪ್ರವಾಸ ಮಾಡಿತು. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರ್ ಸೇರಿದ್ದವು. ಈ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಅದು ಸಾರ್ವಜನಿಕರ ಅವಗಾಹನೆಗೆ ದೊರೆತುದು 2013ರಲ್ಲಿ. ಅಪರಾಧವೆಸಗಿದ ರಜಾಕಾರರಿಗೂ ಅವರ ಧರ್ಮಕ್ಕೆ ಸೇರಿದ್ದರೆಂಬ ಕಾರಣಕ್ಕೆ ಶಿಕ್ಷೆ ಅನುಭವಿಸಿದ ಸಾಮಾನ್ಯ ನೇಕಾರ, ರೈತ, ವ್ಯಾಪಾರಿಗಳಿಗೂ ವ್ಯತ್ಯಾಸವಿದೆ. ಮುಸ್ಲಿಮರನ್ನು ನೆರೆಹೊರೆಯ ಹಿಂದೂಗಳು ಕಾಪಾಡಿದ ಸಂಗತಿಗಳನ್ನೂ ಅದೇ ವರದಿ ದಾಖಲಿಸಿದೆ.

ಮೊದಲ ಗುಳೆಯವರಿಗೆ ಗಡಿಯಾಚೆ ತಮ್ಮ ಭಾಷೆಯ, ತಮ್ಮ ನೆಂಟರ ಊರುಗಳಿದ್ದವು. ಎರಡನೆಯ ಗುಳೆಯವರಿಗೆ ಹೋಗಲು ಅಂಥ ಗಡಿಯೇ ಉಳಿದಿರಲಿಲ್ಲ; ಇದ್ದುದು ಪಕ್ಕದ ಪಟ್ಟಣ ಇಲ್ಲವೇ ದೂರದ ಹೈದರಾಬಾದ್ ನಗರ. ಮೊಹರಂ ಹಬ್ಬದಲ್ಲಿ ಅಲಾಯಿ ಕುಣಿಯುವ, ದರ್ಗಾಕ್ಕೆ ಹರಕೆ ಹೊರುವ ಹಿಂದೂಗಳ ಊರುಗಳು ಈ ನಾಲ್ಕೂ ತಾಲೂಕುಗಳಲ್ಲಿ ಇಂದಿಗೂ ಇವೆ. ಆ ಸಹಬಾಳ್ವೆ 1948ರಲ್ಲಿ ಎಲ್ಲಿ ಮುರಿಯಿತು, ಎಲ್ಲಿ ತಡೆದು ನಿಂತಿತು ಎಂಬುದು ವಿಮೋಚನಾ ಚರಿತ್ರೆಯ ಹೊರಗಿನ ವಿಷಯವಲ್ಲ. ಆಸರೆಯ ಚರಿತ್ರೆಯನ್ನು ಬರೆಯುವವರು ಎರಡೂ ಗುಳೆಗಳನ್ನು ಒಂದೇ ಪುಟದಲ್ಲಿ ಬರೆಯಬೇಕಾಗುತ್ತದೆ.

'ಕ್ಯಾಂಪ್' ಎಂಬ ಮಾತಿನ ಮುಂದಿನ ಬದುಕು

ಗಡಿ ಅಳಿದರೂ ಶಿಬಿರ ಎಂಬ ಮಾತು ಈ ಸೀಮೆಯನ್ನು ಬಿಟ್ಟು ಹೋಗಲಿಲ್ಲ. 'ಕ್ಯಾಂಪ್' ಎಂಬ ರೂಪದಲ್ಲಿ ಹೊಸ ಅರ್ಥಗಳನ್ನು ಪಡೆಯಿತು. 1945ರ ಫೆಬ್ರುವರಿಯಲ್ಲಿ ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಜಂಟಿಯಾಗಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಇವರಿಗೆ ಗುಳೆಯವರೆಂದಾಗಲಿ ನಿರಾಶ್ರಿತರೆಂದಾಗಲಿ ಹೆಸರು ಬರಲಿಲ್ಲ. 'ಮುಳುಗಡೆಯವರು' ಎಂಬ ಹೊಸ ಹೆಸರು ಬಂದಿತು. ಈ ಗುಳೆಗೆ ಮರಳುವಿಕೆ ಇರಲಿಲ್ಲ.

ಅದೇ ನೀರು ಎಡದಂಡೆ ಕಾಲುವೆಯಲ್ಲಿ ಹರಿದಾಗ ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದು ಗಂಗಾವತಿ, ಕಾರಟಗಿ, ಸಿಂಧನೂರು ಭಾಗಗಳಲ್ಲಿ ನೆಲೆಸಿದರು. ಅವರ ವಸತಿಗಳಿಗೂ ಜನ ಕರೆದುದು 'ಕ್ಯಾಂಪ್' ಎಂದೇ. ಗಂಗಾವತಿ ಸಮೀಪದ ಶ್ರೀರಾಮನಗರ ಇಂಥ ವಸತಿಗಳಲ್ಲಿ ದೊಡ್ಡದು. ನೆರೆಯ ಸಿಂಧನೂರು ತಾಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಪುನರ್ವಸತಿ ಕಲ್ಪಿಸಿದ ಆರ್.ಎಚ್. ಕ್ಯಾಂಪುಗಳಿವೆ. ಹೀಗೆ ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಮಾತು ಹೋರಾಟಗಾರನ ಬೀಡಿಗೆ, ಬಂಡವಾಳದೊಡನೆ ಬಂದ ವಲಸಿಗನ ಊರಿಗೆ, ದೇಶ ಕಳೆದುಕೊಂಡು ಬಂದವನ ವಸತಿಗೆ ಸಮಾನವಾಗಿ ಬಳಕೆಯಾಗಿದೆ. 'ಊರು' ಮತ್ತು 'ಕ್ಯಾಂಪ್' ಎಂಬ ವಿಂಗಡಣೆ ಇಂದಿಗೂ ಜನಭಾಷೆಯಲ್ಲಿದೆ. ಎರಡು ಮೂರು ತಲೆಮಾರು ಕಳೆದರೂ ಕ್ಯಾಂಪ್ ಊರಾಗದೆ ಉಳಿಯುವುದು ಆಶ್ರಯ ನೀಡುವುದಕ್ಕೂ ತಮ್ಮವರೆಂದು ಒಪ್ಪುವುದಕ್ಕೂ ಇರುವ ದೂರವನ್ನು ತೋರಿಸುತ್ತದೆ. 1948ರ ಕುಷ್ಟಗಿಯವನು ಗಜೇಂದ್ರಗಡದಲ್ಲಿ ಅನ್ಯನಾಗಲಿಲ್ಲ, ಏಕೆಂದರೆ ಮಾತೂ ನೆಂಟಸ್ತಿಕೆಯೂ ಅವನ ಜೊತೆಗಿದ್ದವು. ಇವೆರಡೂ ಇಲ್ಲದೆ ಬಂದ ಬಂಗಾಳಿ ನಿರಾಶ್ರಿತನಿಗೆ ಸರ್ಕಾರ ಭೂಮಿ ಕೊಟ್ಟಿತು. ಆದರೆ ಊರಿನವನೆಂಬ ಹೆಸರನ್ನು ಸರ್ಕಾರ ಕೊಡಲಾಗದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಗಡಿ ಶಿಬಿರಗಳ ಚರಿತ್ರೆ ಹೋರಾಟದ ಚರಿತ್ರೆಯಾಗಿರುವಂತೆಯೇ ಆಸರೆಯ ಚರಿತ್ರೆಯೂ ಆಗಿದೆ. ಆ ಆಸರೆಯನ್ನು ಕಟ್ಟಿದವರು ಬಹುಮಟ್ಟಿಗೆ ಹೆಸರಿಲ್ಲದ ರೈತರು, ಹೆಂಗಸರು, ವರ್ತಕರು, ಮಠದ ಭಕ್ತರು. ಭಾಷೆ, ನೆಂಟಸ್ತಿಕೆ, ದಾಸೋಹ ಇವು ಆ ನೆರವಿನ ಆಧಾರಗಳಾಗಿದ್ದವು. ಆ ಆಧಾರಗಳ ಹೊರಗಿದ್ದವರು ನೆರವಿನ ಹೊರಗೂ ಉಳಿದರು. ಬಂದವನನ್ನು ಪ್ರಶ್ನಿಸದೆ ಪಂಕ್ತಿಯಲ್ಲಿ ಕೂರಿಸುವ ದಾಸೋಹದ ಆದರ್ಶವನ್ನು ಸಂಬಂಧಿಗಳಾಚೆಗೆ ವಿಸ್ತರಿಸುವುದೇ ಇಂದಿನ ನಿರಾಶ್ರಿತರ ವಿಷಯದಲ್ಲಿಯೂ ಇರುವ ಸವಾಲು.

ಈ ವಿಷಯದಲ್ಲಿ ಕನ್ನಡ ಅಧ್ಯಯನ ವಿಭಾಗಗಳು ಮಾಡಬಹುದಾದ ಕೆಲಸ ಎರಡು ಬಗೆಯದು. ಸಂಸ್ಥಾನದ ಕಡತಗಳು ಉರ್ದುವಿನಲ್ಲಿದ್ದು, ಅವುಗಳ ಮುಖ್ಯ ಸಂಗ್ರಹ ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿದೆ. ಉರ್ದು ಬಲ್ಲ ಕನ್ನಡ ಸಂಶೋಧಕರು ಸಿದ್ಧರಾಗದೆ ನಾಲ್ಕು ತಾಲೂಕುಗಳ ಈ ಕಾಲದ ಚರಿತ್ರೆ ಒಂದು ಕಣ್ಣಿನ ನೋಟವಾಗಿಯೇ ಉಳಿಯುತ್ತದೆ. ಎರಡನೆಯದು ಮೌಖಿಕ ಸಂಗ್ರಹ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅವರನ್ನು ಕೇಳಬೇಕಾದ ಪ್ರಶ್ನೆಗಳೂ ಬದಲಾಗಬೇಕಾಗಿದೆ. ಯಾವ ದಾಳಿಯಲ್ಲಿ ಯಾರಿದ್ದರು ಎಂಬುದರ ಜೊತೆಗೆ ಯಾರ ಮನೆಯಲ್ಲಿ ಉಳಿದಿರಿ, ಯಾರು ರೊಟ್ಟಿ ಕೊಟ್ಟರು, ಯಾವ ಓಣಿಯವರಿಗೆ ಹೋಗಲು ಆಗಲಿಲ್ಲ, ಮರಳಿ ಬಂದಾಗ ಯಾರ ಮನೆಯ ಕದ ಮುಚ್ಚಿತ್ತು ಎಂಬುದನ್ನೂ ಕೇಳಬೇಕು. ಪಿಂಚಣಿಯ ನಮೂನೆಯಲ್ಲಿ ಅಂಕಣವಿಲ್ಲದ ಈ ಉತ್ತರಗಳಿಗೆ ಸಂಶೋಧನೆಯಲ್ಲಾದರೂ ಸ್ಥಳ ದೊರೆಯಬೇಕಾಗಿದೆ. ಉತ್ತರ ಹೇಳಬಲ್ಲವರು ಕೆಲವರೇ ಉಳಿದಿರುವುದರಿಂದ ಈ ಕೆಲಸಕ್ಕೆ ಇರುವ ಕಾಲಾವಕಾಶ ಬಹಳ ಕಡಿಮೆ.